ಗೊಟಗೋಡ್ಯಾಗ ಒಂದು ಮನಿ

ಗೊಟಗೋಡಿಯಲ್ಲಿ ನಾಲ್ಕು ಗುಂಟೆ ಜಾಗ ಕೇಳಲು ಹೋಗಿದ್ದೆ. ಹೆದ್ದಾರಿ ಪಕ್ಕದ ಊರು. 2011ರಲ್ಲಿ ಜಾನಪದ ವಿಶ್ವವಿದ್ಯಾಲಯವೂ ಬಂದಿದೆ. ಚಹಾದಂಗಡಿ ಮುಂದಿನ ಹಿರಿಯರು ಎಲೆಗೆ ಸುಣ್ಣ ಸವರುತ್ತ, "ಮುಂಜಾನಿ ಒಂದು ರೇಟು, ಸಂಜಿಕ ಒಂದು. ಕಾರಿನ್ಯಾಗ ಬಂದವ್ರಿಗೆ ಮತ್ತೊಂದು" ಎಂದರು. ನಾನು ಬಸ್ ಟಿಕೆಟ್ ತೋರಿಸಿದೆ.

"ಹಂಗಾದ್ರ ನಿಮಗ ನೀಗಂಗಿಲ್ಲ ಬಿಡ್ರಿ."

ಸಮಾಧಾನಕ್ಕೆ ಕಲಾವಿದ ಸೋಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಹೊಕ್ಕೆ. ಊರಿಗೆ ಊರೇ ಸಿಮೆಂಟಿನದು: ಹಳೇ ಕಾಲದ ಮನೆ, ದನಕರು, ಕೈಕೆಲಸ ಬಿಡದ ಮಂದಿ. ಓಣಿಯಲ್ಲಿ ಜಗಳವಿಲ್ಲ, ಕಡ ಸಕ್ಕರೆ ಕೇಳುವವರಿಲ್ಲ (ಕೊಡುವವರೂ ಇಲ್ಲ, ಅದು ಬೇರೆ). ಬಾಡಿಗೆಯನ್ನಂತೂ ಯಾರೂ ಕಟ್ಟುವುದಿಲ್ಲ. ನೋಡಲು ನಾವೇ ರೊಕ್ಕ ಕೊಡಬೇಕು.

ಹೊರಬಂದರೆ ಹಿರಿಯರು ಅಲ್ಲೇ ಇದ್ದರು.

"ಮನಿ ಸಿಕ್ತೇನ್ರಿ?"

"ಭಾಳ ಛಲೋ ಅದಾವ್ರೀ. ಆದ್ರ ಸಂಜಿಕ ಗೇಟ್ ಹಾಕ್ತಾರ!"