ಕಾಲುಂಗುರ ಸಡಿಲಾಗಿದೆಯಾ?

ಹಲ್ಲು ನೋವು ಬಂದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಮಂಡಿ ನೋವಾದರಂತೂ ಮದುವೆ ಮನೆಯ ಪಂಕ್ತಿಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಎಣ್ಣೆ, ಕಷಾಯ, ಪಟ್ಟಿಗಳ ವಿಚಾರ ಸಂಕಿರಣವೇ ನಡೆದುಹೋಗುತ್ತದೆ. ಅದೇ ಹೊಕ್ಕುಳಿನ ಕೆಳಗೆ, ತೊಡೆಯ ಮೇಲೆ ಏನಾದರೂ ಆಯಿತೋ, ನಮ್ಮ ಹೆಂಗಸರ ಕನ್ನಡ ಥಟ್ಟನೆ ಕೈಕೊಡುತ್ತದೆ. ‘ಅಲ್ಲಿ’, ‘ಕೆಳಗೆ’, ‘ಅದು’, ‘ಆ ಜಾಗ’. ಬರೀ ಸರ್ವನಾಮಗಳಿಂದಲೇ ಕಟ್ಟಿದ ದೇಹದ ಭಾಗ ಅಂತ ಇದ್ದರೆ ಅದೊಂದೇ.

ಹಾಗಾಗಿ ಮೊನ್ನೆ ತಮ್ಮನ ಹೆಂಡತಿ ಫೋನು ಮಾಡಿ ಪಿಸುಗುಟ್ಟಿದಾಗ (ಮನೆಯಲ್ಲಿ ಅವಳೊಬ್ಬಳೇ ಇದ್ದಳು, ಆದರೂ ಪಿಸುಗುಟ್ಟಿದಳು) ನನಗೆ ವಿಷಯ ತಿಳಿಯಲು ಐದು ನಿಮಿಷ ಹಿಡಿಯಿತು.

“ಅಕ್ಕಾ, ಪುಟ್ಟಿಗೆ ಅದು ಆಗಿಲ್ವಂತೆ.”

“ಯಾವುದು, ರಿಸಲ್ಟಾ?”

“ಅಯ್ಯೋ ಅಲ್ಲ, ಅದು.”

“ಕ್ಯಾಂಪಸ್ ಸೆಲೆಕ್ಷನ್ನಾ?”

“ಡೇಟು ಅಕ್ಕಾ, ಡೇಟು! ನಾಲ್ಕು ತಿಂಗಳಾಯ್ತಂತೆ. ಬೆಂಗಳೂರಲ್ಲಿ ನೀವಿದ್ದೀರಲ್ಲ, ಯಾರಾದ್ರೂ ಲೇಡಿ ಡಾಕ್ಟರಿಗೆ ತೋರಿಸಿಬಿಡಿ.”

ಈ ‘ಲೇಡಿ ಡಾಕ್ಟರು’ ಅನ್ನುವುದೂ ಒಂದು ಮಜಾ. ಕಣ್ಣು ನೋಡುವ ಹೆಂಗಸು ಕಣ್ಣಿನ ಡಾಕ್ಟರು, ಹೃದಯ ನೋಡುವ ಹೆಂಗಸು ಹಾರ್ಟ್ ಡಾಕ್ಟರು. ‘ಲೇಡಿ ಡಾಕ್ಟರು’ ಅಂದರೆ ಮಾತ್ರ ಒಂದೇ ಅರ್ಥ. ಈ ವಿದ್ಯೆ ಕಲಿತ ಗಂಡಸರೂ ಇದ್ದಾರೆ, ಪಾಪ. ಅವರನ್ನು ನಮ್ಮಮ್ಮ ‘ಗಂಡಸು ಲೇಡಿ ಡಾಕ್ಟರು’ ಅನ್ನುತ್ತಿದ್ದಳು.

ಡಾಕ್ಟರ ಹತ್ತಿರ ಹೋಗುವ ಹಿಂದಿನ ರಾತ್ರಿಯೇ ಪುಟ್ಟಿ ನಮ್ಮನೆಗೆ ಬಂದಳು. ಇಪ್ಪತ್ತೆರಡು ವರ್ಷ, ಎಂಜಿನಿಯರಿಂಗ್ ಕೊನೆಯ ವರ್ಷ, ಮಿಕ್ಸಿಯಿಂದ ಹಿಡಿದು ರೋಬಾಟ್‌ವರೆಗೆ ಏನನ್ನಾದರೂ ಬಿಚ್ಚಿ ಜೋಡಿಸುವ ಹುಡುಗಿ. ಮುಖ ನೋಡಿದರೆ ಹಿಂಡಿಟ್ಟ ನಿಂಬೆಹೋಳು. ಮೊಬೈಲಿನಲ್ಲಿ ಓದಿ ಓದಿ ಹನ್ನೆರಡು ಕಾಯಿಲೆ ತಾನೇ ಬರಿಸಿಕೊಂಡಿದ್ದಳು, ಹದಿಮೂರನೆಯದಕ್ಕೆ ಚಾರ್ಜ್ ಮುಗಿದಿತ್ತು.

“ಅತ್ತೆ, ತುಂಬಾ ನೋಯತ್ತಾ?”

“ಬಳೆಗಾರನ ಹತ್ರ ಬಳೆ ತೊಡಿಸ್ಕೊಂಡಿದೀಯಾ?”

“ಇಲ್ಲ, ಆನ್‌ಲೈನಲ್ಲಿ ತರಿಸ್ತೀನಿ.”

ನನ್ನ ಉಪಮಾಲಂಕಾರ ಅಲ್ಲೇ ಕುಸಿಯಿತು. ಆದರೂ ಬಿಡಲಿಲ್ಲ. ನಮ್ಮೂರ ಜಾತ್ರೆಯಲ್ಲಿ ಬಳೆಗಾರನ ಮುಂದೆ ಕೂತು ಅಂಗೈ ಬಿಗಿ ಹಿಡಿದರೆ ಗಾಜಿನ ಬಳೆ ಗೆಣ್ಣಿನ ಮೇಲೆ ಬಂದು ನಿಂತುಬಿಡುತ್ತಿತ್ತು. ಆಗ ಅವನು “ಕೈ ಸಡಿಲ ಬಿಡು ತಾಯಿ” ಅಂತ ಅದೂ ಇದೂ ಮಾತಾಡಿಸುತ್ತ, ನಾವು ಪಕ್ಕದ ಬತ್ತಾಸಿನಂಗಡಿ ನೋಡುವಷ್ಟರಲ್ಲಿ ಡಜನ್ ಬಳೆ ಒಳಗೆ. ಡಾಕ್ಟರ ಒಳಪರೀಕ್ಷೆಯ ಗುಟ್ಟೂ ಇಷ್ಟೇ. ಒಳಗಿನ ದಾರಿಯ ಸುತ್ತ ಇರುವುದು ಮಾಂಸಖಂಡ. ಹೆದರಿ ಬಿಗಿದರೆ ಅದೂ ಬಿಗಿಯುತ್ತದೆ, ಉಪಕರಣ ಒತ್ತುತ್ತದೆ, ಒತ್ತಿದ್ದಕ್ಕೆ ಇನ್ನಷ್ಟು ಬಿಗಿಯುತ್ತೇವೆ. ಉಸಿರು ಹಿಡಿಯದೆ ಬಾಯಿಂದ ನಿಧಾನವಾಗಿ ಹೊರಗೆ ಬಿಟ್ಟು, ಹಲ್ಲು ಕಚ್ಚದೆ, ಸೊಂಟವನ್ನು ಮಂಚದ ಮೇಲೆ ಭಾರವಾಗಿ ಬಿಟ್ಟರೆ ಇರುಸುಮುರುಸು ಆಗುತ್ತದೆಯೇ ಹೊರತು ಚೀರುವಂಥದ್ದೇನೂ ಇರುವುದಿಲ್ಲ. ಚೀರುವಂತಾದರೆ “ನಿಲ್ಲಿಸಿ” ಅನ್ನಬೇಕು. ಅಂದರೆ ನಿಲ್ಲಿಸುತ್ತಾರೆ. ಎರಡು ಮೂರು ನಿಮಿಷದ ಕೆಲಸ, ಹಾಲು ಉಕ್ಕಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

“ನಿನಗೆ ಮೊದಲ ಸಲ ಹೀಗೇ ಹೇಳಿಕೊಟ್ಟಿದ್ರಾ?”

ಎಲ್ಲಿಂದ ಹೇಳಿಕೊಡುವುದು! ನನ್ನ ಮದುವೆಗೆ ಡಾ. ಅನುಪಮಾ ನಿರಂಜನ ಅವರ ‘ದಾಂಪತ್ಯ ದೀಪಿಕೆ’ ಮೂರು ಪ್ರತಿ, ‘ತಾಯಿ-ಮಗು’ ಎರಡು ಪ್ರತಿ ಉಡುಗೊರೆ ಬಂದಿದ್ದವು. ಬಾಯಲ್ಲಿ ಹೇಳಲಾರದ್ದನ್ನೆಲ್ಲ ಬಂಧುಗಳು ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ಆ ಪುಣ್ಯಾತ್ಗಿತ್ತಿ ಡಾಕ್ಟರೂ ಆಗಿ ಲೇಖಕಿಯೂ ಆಗಿರದಿದ್ದರೆ ನಮ್ಮ ತಲೆಮಾರಿನ ಗತಿ ಏನಾಗುತ್ತಿತ್ತೋ. ಓದಿಕೊಂಡಿದ್ದೆ, ಸರಿ. ಆದರೆ 1992ರಲ್ಲಿ ಶಿವಮೊಗ್ಗದ ಆಸ್ಪತ್ರೆಯ ಪರದೆಯ ಹಿಂದೆ ನಿಂತಾಗ ಓದಿದ್ದೆಲ್ಲ ಆವಿಯಾಗಿತ್ತು. ಮದುವೆಯಾಗಿ ವರ್ಷ ಕಳೆದರೂ ‘ವಿಶೇಷ’ ಇಲ್ಲವೆಂದು ಅತ್ತೆ, ಅತ್ತೆಯ ತಂಗಿ, ಅವರ ಓರಗಿತ್ತಿ ಎಲ್ಲ ಸೇರಿ ನಿಬ್ಬಣ ಹೊರಟ ಹಾಗೆ ನನ್ನನ್ನು ಕರೆತಂದಿದ್ದರು. ನರ್ಸು “ರೆಡಿಯಾಗಮ್ಮ” ಅಂದು ಹೋದಳು. ಎಷ್ಟು ರೆಡಿಯಾಗಬೇಕು ಅಂತ ಹೇಳಲಿಲ್ಲ. ನಾನು ಲಂಗದ ಲಾಡಿಗೆ ಕೈ ಹಾಕಿದೆ. ಅಲ್ಲಿಯವರೆಗೆ ಒಂದು ದಿನವೂ ಸಿಕ್ಕುಬೀಳದ ಲಾಡಿ ಅವತ್ತು ಬ್ರಹ್ಮಗಂಟು! ಬಿಚ್ಚಿದಷ್ಟೂ ಬಿಗಿಯಿತು. ಹತ್ತು ನಿಮಿಷದ ಮೇಲೆ ಬಂದ ನರ್ಸು ನೋಡಿ, “ಬಿಚ್ಚೋದ್ಯಾಕಮ್ಮ, ಮೇಲಕ್ಕೆ ಸರಿಸ್ಕೊಂಡ್ರೆ ಸಾಕಿತ್ತಲ್ಲ” ಅಂದಳು. ಅದಕ್ಕೇ ಹೇಳುತ್ತೇನೆ, ಸೀರೆಯೋ ಸಡಿಲ ಸ್ಕರ್ಟೋ ಉಟ್ಟು ಹೋದವಳು ಬಚಾವು. ಬಿಗಿ ಚೂಡಿದಾರದವಳ ಅರ್ಧ ಧೈರ್ಯ ಕಾಲಿನಿಂದ ಅದನ್ನು ಎಳೆಯುವುದರಲ್ಲೇ ಖರ್ಚು.

ಆಮೇಲೆ ಮಂಚ. ಕಾಲಿಡಲು ಎರಡು ಕಡೆ ಕಬ್ಬಿಣದ ಆಸರೆ. ಮಂಡಿಗಳೋ ಒಂದರ ಮೇಲೊಂದು ಆಣೆಯಿಟ್ಟು ಅಂಟಿಕೊಂಡವು. ತಲೆಯ ಮೇಲೊಂದು ಫ್ಯಾನು, ಮೂರು ರೆಕ್ಕೆಗೂ ಕರಿ ಧೂಳು. ಆ ಸ್ಥಿತಿಯಲ್ಲೂ ‘ಯಾರೂ ಒರೆಸಲ್ವಾ ಇದನ್ನ’ ಅನಿಸಿತು ನೋಡಿ. ಡಾಕ್ಟರು ದೊಡ್ಡ ಕುಂಕುಮದ ದಪ್ಪನೆ ಹೆಂಗಸು. ಗದರಲಿಲ್ಲ. “ಕಾಲುಂಗುರ ಸಡಿಲಾಗಿದೆಯಾ, ಬೆರಳು ಆಡಿಸಿ ನೋಡು” ಅಂದರು. ಇದೇನಿದು, ಗರ್ಭಕೋಶಕ್ಕೂ ಕಾಲುಂಗುರಕ್ಕೂ ಸಂಬಂಧ ಅಂತ ಅಜ್ಜಿ ಹೇಳುತ್ತಿದ್ದದ್ದು ನಿಜವಾ ಅಂತ ಗಂಭೀರವಾಗಿ ಬೆರಳು ಆಡಿಸಿದೆ. ಬಲಗಾಲು, ಎಡಗಾಲು, ಮತ್ತೆ ಬಲಗಾಲು. “ಸರಿಯಾಗಿದೆ ಡಾಕ್ಟ್ರೇ” ಅನ್ನುವಷ್ಟರಲ್ಲಿ ಅವರು ಕೈಗವಸು ತೆಗೆದು ಕೈ ತೊಳೆಯುತ್ತಿದ್ದರು. ಬೆರಳು ಆಡಿಸುವವಳಿಗೆ ತೊಡೆ ಬಿಗಿಯುವುದು ಮರೆತುಹೋಗುತ್ತದೆ. ಬಳೆಗಾರನ ಬತ್ತಾಸಿನಂಗಡಿ, ಡಾಕ್ಟರ ಕಾಲುಂಗುರ!

ಪುಟ್ಟಿ ನಕ್ಕಳು. ಎಂಜಿನಿಯರ್ ಅಲ್ಲವೇ, ಉಪಕರಣದ ಬಗ್ಗೆ ಕೇಳಿದಳು. ಸ್ಪೆಕ್ಯುಲಮ್ ಅಂತ ಅದರ ಹೆಸರು. ಒಂದು ಬಗೆ ಬಾತುಕೋಳಿಯ ಕೊಕ್ಕಿನ ಹಾಗೆ, ಮುಚ್ಚಿಕೊಂಡು ಒಳಗೆ ಹೋಗಿ ಮೆಲ್ಲಗೆ ತೆರೆಯುತ್ತದೆ. ಇನ್ನೊಂದು ಬಗ್ಗಿಸಿದ ಚಮಚದ ಹಾಗೆ. ಚಮಚದ ಹಾಗೆ ಏಕೆಂದರೆ ಅದು ಹುಟ್ಟಿದ್ದೇ ಚಮಚದಿಂದ. ಅಮೆರಿಕದ ಅಲಬಾಮಾದಲ್ಲಿ 1840ರ ದಶಕದಲ್ಲಿ ಜೇಮ್ಸ್ ಮರಿಯನ್ ಸಿಮ್ಸ್ ಎಂಬ ಡಾಕ್ಟರು ಚಮಚ ಬಗ್ಗಿಸಿ ಶುರುಮಾಡಿದ್ದು, ಈಗಲೂ ಅವರ ಹೆಸರಿನಲ್ಲೇ ಇದೆ. ಇಲ್ಲಿ ಮಾತ್ರ ನನಗೆ ತಮಾಷೆ ಹೊರಡುವುದಿಲ್ಲ. ಅವರು ಶಸ್ತ್ರಕ್ರಿಯೆ ಕಲಿತದ್ದು ಅನಾರ್ಕಾ, ಲೂಸಿ, ಬೆಟ್ಸಿ ಮುಂತಾದ ಗುಲಾಮ ಹೆಂಗಸರ ಮೈಮೇಲೆ, ಅರಿವಳಿಕೆಯಿಲ್ಲದೆ. ಆ ಹೆಂಗಸರಿಗೆ “ನಿಲ್ಲಿಸಿ” ಅನ್ನುವ ಹಕ್ಕಿರಲಿಲ್ಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಸಿಮ್ಸ್ ಪ್ರತಿಮೆಯನ್ನು 2018ರಲ್ಲಿ ತೆಗೆದರು.

ನಾಚಿಕೆಯಿಂದ ಒಳ್ಳೆಯದಾದದ್ದೂ ಉಂಟು ಅನ್ನಿ. 1816ರಲ್ಲಿ ಪ್ಯಾರಿಸ್ಸಿನ ಡಾಕ್ಟರು ಲೆನೆಕ್ ಅವರಿಗೆ ತರುಣಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚವಾಗಿ ಕಾಗದ ಸುತ್ತಿ ಕೊಳವೆ ಮಾಡಿ ಕೇಳಿಸಿಕೊಂಡರಂತೆ. ಹುಟ್ಟಿತು ಸ್ಟೆತಾಸ್ಕೋಪು. ಇಡೀ ಮನುಕುಲಕ್ಕೆ ಲಾಭ. ನಮ್ಮ ನಾಚಿಕೆಯಿಂದ ಇಲ್ಲಿಯವರೆಗೆ ಏನು ಹುಟ್ಟಿದೆ? ಪ್ಯಾಡಿಗೆ ಸುತ್ತುವ ಹಳೇ ಪೇಪರು ಮತ್ತು ಕಪ್ಪು ಕವರು.

“ವ್ಯಾಕ್ಸಿಂಗ್ ಮಾಡಿಸ್ಕೊಂಡು ಹೋಗಬೇಕಾ ಅತ್ತೆ?”

“ಅವರು ಹೆಣ್ಣು ನೋಡೋ ಶಾಸ್ತ್ರಕ್ಕೆ ಬರ್ತಿಲ್ಲ ಕಣೇ!”

ಸ್ನಾನ ಮಾಡಿದರೆ ಸಾಕು. ಪರಿಮಳದ ಸೋಪು, ಸ್ಪ್ರೇ ಯಾವುದೂ ಬೇಡ. ಬಿಳಿಸೆರಗಿನ ದೂರು ಹೇಳಲು ಹೊರಟವಳು ಒಳಗೆಲ್ಲ ತೊಳೆದು ಘಮಘಮಿಸುತ್ತ ಹೋದರೆ ಡಾಕ್ಟರು ಏನನ್ನು ನೋಡಬೇಕು? ಕಳ್ಳ ಹೊಕ್ಕ ಮನೆಯನ್ನು ಪೊಲೀಸರು ಬರುವ ಮೊದಲೇ ಸಾರಿಸಿ ರಂಗೋಲಿ ಹಾಕಿಟ್ಟ ಹಾಗೆ.

ಬೆಳಿಗ್ಗೆ ಹೋದೆವು. ಕೌಂಟರಿನ ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ಕೂಗುವವರ ಗಂಟಲಿನಲ್ಲಿ “ಏನ್ ಪ್ರಾಬ್ಲಮ್ಮು?” ಅಂದಳು. ಕೂತಿದ್ದ ಹದಿನೈದು ಜನವೂ ಟೀವಿ ಬಿಟ್ಟು ನಮ್ಮ ಉತ್ತರಕ್ಕೆ ಕಾದರು. ಪುಟ್ಟಿ ನನ್ನ ಸೆರಗು ಹಿಡಿದಳು. “ಡಾಕ್ಟರಿಗೇ ಹೇಳ್ತೀವಮ್ಮ” ಅಂದೆ. ಹದಿನೈದು ಜನಕ್ಕೂ ನಿರಾಸೆಯಾಯಿತು.

ಒಳಗೆ ಮೊದಲ ಪ್ರಶ್ನೆ ಕೊನೆಯ ಮುಟ್ಟಿನ ದಿನಾಂಕ. ಪುಟ್ಟಿ ಮೊಬೈಲಿನ ಆ್ಯಪ್ ತೆರೆದು ಎರಡು ವರ್ಷದ ಲೆಕ್ಕ ಒಪ್ಪಿಸಿದಳು. ನನಗೆ ಹೊಟ್ಟೆಕಿಚ್ಚು. ನನ್ನ ಕಾಲದ ಆ್ಯಪ್ ಅಂದರೆ ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ನನ್ನ ದಿನ ಮೂರೂ ಅದರಲ್ಲೇ. ಒಮ್ಮೆ ಇವರು ನನ್ನ ಚುಕ್ಕಿಯನ್ನು ಗ್ಯಾಸಿನದೆಂದು ತಿಳಿದು ಏಜೆನ್ಸಿಗೆ ಹೋಗಿ “ಇಪ್ಪತ್ತೆಂಟು ದಿನ ಆಯ್ತು, ಇನ್ನೂ ಬಂದಿಲ್ಲ” ಅಂತ ಜಗಳ ಆಡಿ ಬಂದಿದ್ದರು.

ಎರಡನೆಯ ಪ್ರಶ್ನೆ: “ಮದುವೆ ಆಗಿದೆಯಾ?” ನಮ್ಮ ಆಸ್ಪತ್ರೆಗಳಲ್ಲಿ ಈ ಪ್ರಶ್ನೆ ಮಂಗಳಸೂತ್ರದ ಬಗ್ಗೆ ಅಲ್ಲ, ದೇಹ ಸಂಬಂಧದ ಬಗ್ಗೆ. ಅದನ್ನು ಅಷ್ಟು ದೂರದಿಂದ ಸುತ್ತಿ ಬಳಸಿ ಕೇಳುತ್ತಾರೆ. ಉತ್ತರದ ಮೇಲೆ ಯಾವ ಪರೀಕ್ಷೆ, ಯಾವ ಮಾತ್ರೆ ಅನ್ನುವುದೆಲ್ಲ ನಿಂತಿರುವುದರಿಂದ ಇಲ್ಲಿ ಸುಳ್ಳು ಹೇಳಿದರೆ ಕೆಡುವುದು ನಮ್ಮ ಹೊಟ್ಟೆಯೇ. ಆದರೆ ಪಕ್ಕದಲ್ಲಿ ಅತ್ತೆ ಕೂತಿದ್ದರೆ ನಿಜ ಎಲ್ಲಿಂದ ಬಂದೀತು? ನಾನೇ ಎದ್ದು ಹೊರಗೆ ಬಂದೆ. ಕಿವಿಯನ್ನು ಬಾಗಿಲಲ್ಲೇ ಬಿಟ್ಟು ಬಂದಿದ್ದೆ ಅನ್ನುವುದು ಬೇರೆ ಮಾತು. ಏನೂ ಕೇಳಿಸಲಿಲ್ಲ, ಒಳ್ಳೆಯ ಬಾಗಿಲು.

ಇಷ್ಟೆಲ್ಲ ಪಾಠ ಹೇಳಿದ ಮೇಲೆ ಅವಳಿಗೆ ಆದದ್ದೇನು? ಒಳಪರೀಕ್ಷೆಯೇ ಇಲ್ಲ! ಹೊಟ್ಟೆ ಒತ್ತಿ ನೋಡಿ, ಥೈರಾಯ್ಡಿಗೆ ರಕ್ತಪರೀಕ್ಷೆ ಬರೆದು, ಹೊಟ್ಟೆಯ ಮೇಲಿಂದಲೇ ಸ್ಕ್ಯಾನಿಂಗ್ ಮಾಡಿಸಿ ಅಂದರು. ಆ ಹುಡುಗಿಯನ್ನು ನಿಜವಾಗಿ ಅಳಿಸಿದ್ದು ಅದು. ಒಳಪರೀಕ್ಷೆಗಾದರೆ ಮೂತ್ರ ಮಾಡಿ ಬಂದು ಮಲಗಬೇಕು, ಸ್ಕ್ಯಾನಿಂಗಿಗೆ ತದ್ವಿರುದ್ಧ, ಮೂತ್ರಕೋಶ ಕೆರೆ ಕೋಡಿ ಬೀಳುವಂತೆ ತುಂಬಿರಬೇಕು. ಆಗಲೇ ಅದರ ಹಿಂದಿನ ಗರ್ಭಕೋಶ ಸ್ಪಷ್ಟ ಕಾಣುವುದು. ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡಿನ ಕೆಳಗೆ ಪುಟ್ಟಿ ಒಂದೂವರೆ ಲೀಟರ್ ಕುಡಿದು ಕಾಲಿಗೆ ಕಾಲು ಹೆಣೆದು ಕೂತಳು. ಕರೆದಾಗ ಒಳಗೆ ಓಡಿದಳು, ಓಡಿದಷ್ಟೇ ಬೇಗ ಹೊರಗೆ ಬಂದಳು. “ಇನ್ನೂ ತುಂಬಿಲ್ವಂತೆ, ಇನ್ನೊಂದು ಬಾಟಲ್ ಕುಡೀಬೇಕಂತೆ!” ಹಿಂದಿನ ರಾತ್ರಿ ನಾನು ಕಲಿಸಿದ ‘ಸಡಿಲ ಬಿಡು’ ಸೂತ್ರ ಅಲ್ಲಿ ಮಾತ್ರ ಅನುಸರಿಸುವಂತಿರಲಿಲ್ಲ.

ರಿಪೋರ್ಟು ನೋಡಿ ಡಾಕ್ಟರು ಪಿಸಿಒಡಿ ಅಂದರು, ಮುಟ್ಟನ್ನು ಏರುಪೇರು ಮಾಡುವ ಹಾರ್ಮೋನಿನ ತೊಂದರೆ. ನಡಿಗೆ, ನಿದ್ದೆ, ಮೂರು ತಿಂಗಳ ಮೇಲೆ ಮತ್ತೆ ಬನ್ನಿ. ಹೊರಡಲು ಎದ್ದಾಗ ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ನೀವು ಪ್ಯಾಪ್ ಸ್ಮಿಯರ್ ಯಾವಾಗ ಮಾಡಿಸಿದ್ದು?”

“ನನಗಾ? ಮುಟ್ಟು ನಿಂತು ಆರು ವರ್ಷ ಆಯ್ತಲ್ಲ ಡಾಕ್ಟ್ರೇ.”

“ಮುಟ್ಟು ನಿಂತಿರಬಹುದು, ಗರ್ಭಕೊರಳು ಅಲ್ಲೇ ಇದೆಯಲ್ಲ?”

ಪುಟ್ಟಿಯ ಕಣ್ಣು ಮಿಂಚಿತು. ಡಾಕ್ಟರು ಕತೆ ಹೇಳಿದರು. ಪಪನಿಕೊಲಾವ್ ಅನ್ನುವ ಗ್ರೀಕ್ ಡಾಕ್ಟರು ಈ ಪರೀಕ್ಷೆ ಕಂಡುಹಿಡಿಯಲು ವರ್ಷಗಟ್ಟಲೆ ಹೆಂಡತಿಯಿಂದಲೇ ಮಾದರಿ ತೆಗೆದು ನೋಡಿದರಂತೆ. (ಹೆಸರು ಮಾತ್ರ ಗಂಡನದು ಅಂತ ಮನಸ್ಸಿನಲ್ಲೇ ಅಂದುಕೊಂಡೆ.) ಕ್ಯಾನ್ಸರಾಗುವ ಮುಂಚಿನ ಬದಲಾವಣೆಯೂ ಇದರಲ್ಲಿ ಸಿಕ್ಕಿಬೀಳುತ್ತದೆ. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಇನ್ನೂ ಸುಲಭದ್ದೊಂದಿದೆ. ನೀರು ಬೆರೆಸಿದ ಅಸಿಟಿಕ್ ಆಮ್ಲ ಹಚ್ಚುತ್ತಾರೆ, ಸಂಶಯದ ಜಾಗ ಇದ್ದರೆ ಬೆಳ್ಳಗಾಗುತ್ತದೆ. ಅಸಿಟಿಕ್ ಆಮ್ಲ ಅಂದರೆ ನಮ್ಮ ಉಪ್ಪಿನಕಾಯಿಯ ವಿನೆಗರು! ಮಾವಿನಕಾಯಿ ಕೆಡದಂತೆ ವರ್ಷಾ ವರ್ಷಾ ಕಾದವಳು, ಇವರ ಸ್ಕೂಟರು ಸರ್ವಿಸಿಗೆ ತಪ್ಪದೆ ಕಳಿಸಿದವಳು, ನಾನು ಈ ಮಂಚ ಹತ್ತಿ ಹದಿನಾಲ್ಕು ವರ್ಷವಾಗಿತ್ತು.

“ಇನ್ನೊಂದು ದಿನ ಬರ್ತೀನಿ, ಇವತ್ತು ಶುಕ್ರವಾರ, ಮನೇಲಿ...”

“ಅತ್ತೆ, ಸೀರೆ ಉಟ್ಟಿದೀಯಲ್ಲ, ಬಚಾವು” ಅಂದಳು ಪುಟ್ಟಿ.

ಮಂಚ ಹತ್ತಿದೆ. ಫ್ಯಾನು ನೋಡಿದೆ, ಇಲ್ಲಿ ಎ.ಸಿ. ಧೂಳು ಹುಡುಕಲೂ ಆಸ್ಪದವಿಲ್ಲ. ಮಂಡಿಗಳು ಹಳೆಯ ಆಣೆಯನ್ನು ನೆನಪಿಸಿಕೊಂಡವು. ಪರದೆಯ ಆಚೆಯಿಂದ, ಇಡೀ ಆಸ್ಪತ್ರೆಗೆ ಕೇಳುವಂತೆ, ನನ್ನ ಸೋದರ ಸೊಸೆ ಕೂಗಿದಳು:

“ಅತ್ತೇ, ಕಾಲುಂಗುರ ಸಡಿಲಾಗಿದೆಯಾ?”

ಬೆರಳು ಆಡಿಸಿದೆ. ಮೂವತ್ತು ಚಿಲ್ಲರೆ ವರ್ಷದ ಊಟ, ಎಲ್ಲಿಂದ ಸಡಿಲಾದೀತು!

“ಬಿಗಿಯಾಗಿದೆ ಕಣೇ” ಅಂದೆ.

“ಆಯ್ತು, ಏಳಿ” ಅಂದರು ಡಾಕ್ಟರು.