ಇದು ಆಟಿಕೆಯಲ್ಲ, ಸ್ವಾಮಿ

ಜಯನಗರವಿರಲಿ, ಮಲ್ಲೇಶ್ವರವಿರಲಿ, ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅರವತ್ತರ ಆಸುಪಾಸು. ಬ್ಯಾಂಕಿನಲ್ಲೋ ಸರ್ಕಾರಿ ಕಾರ್ಖಾನೆಯಲ್ಲೋ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಗೇಟಿನ ಬಳಿ ನಿಂತ ಅವರ ಕಾರನ್ನು ತೊಳೆದು ತಿಂಗಳಾಗಿರುತ್ತದೆ. ಬಾನೆಟ್ಟಿನ ಧೂಳಿನ ಮೇಲೆ ಬೀದಿಯ ಮಕ್ಕಳು ಹೆಸರು ಬರೆದಿರುತ್ತಾರೆ. ಒಳಗೆ ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತ ಕಾರುಗಳಿಗೆ ಮಾತ್ರ ವಾರಕ್ಕೊಮ್ಮೆ ಮೆತ್ತನೆಯ ಕುಂಚದಿಂದ ಮೈ ಒರೆಸುವ ಭಾಗ್ಯ. ಯಾವ ಕಾರೂ ಅಂಗೈಗಿಂತ ಉದ್ದವಿಲ್ಲ. ಯಾವುದೂ ಓಡುವುದಿಲ್ಲ, ಯಾಕೆಂದರೆ ಓಡಿಸಲು ಯಾರಿಗೂ ಅಪ್ಪಣೆಯಿಲ್ಲ. ಇವರನ್ನು ರಾಯರು ಎಂದು ಕರೆಯೋಣ.

ರಾಯರ ಜೊತೆ ಮಾತಿಗೆ ಕೂತರೆ ಲಿವರ್‌ಪೂಲಿನ ಬಿನ್ಸ್ ರೋಡು ಪಕ್ಕದ ಬೀದಿಯಂತೆ ಬಂದುಹೋಗುತ್ತದೆ. ಮೆಕ್ಯಾನೊ ಕಂಪನಿಯ ಕಾರ್ಖಾನೆ ಇದ್ದದ್ದು ಅಲ್ಲಿ. 1934ರಲ್ಲಿ 'ಡಿಂಕಿ ಟಾಯ್ಸ್' ಎಂಬ ಹೆಸರು ಹೊತ್ತ ಪುಟ್ಟ ಲೋಹದ ಕಾರುಗಳು ಹೊರಟದ್ದು ಅಲ್ಲಿಂದ. ಅದರ ಬಾಗಿಲು ಮುಚ್ಚಿದ್ದು 1979ರಲ್ಲಿ. ಮುಚ್ಚಿದ ಸುದ್ದಿಯನ್ನು ರಾಯರು ಈಗಲೂ ಹತ್ತಿರದ ಸಂಬಂಧಿಕರ ಸಾವಿನ ಸುದ್ದಿಯ ಧ್ವನಿಯಲ್ಲೇ ಹೇಳುತ್ತಾರೆ. ಲೆಸ್ನಿ ಕಂಪನಿಯ ಜಾಕ್ ಓಡೆಲ್‌ನ ಮಗಳ ಶಾಲೆಯಲ್ಲಿ ಬೆಂಕಿಪೊಟ್ಟಣದೊಳಗೆ ಹಿಡಿಸುವಷ್ಟು ಪುಟ್ಟ ಆಟಿಕೆಗಳನ್ನು ಮಾತ್ರ ತರಬಹುದಿತ್ತಂತೆ. ಅವಳಿಗಾಗಿ ಅಪ್ಪ ಒಂದು ಮರಿ ರೋಡ್‌ರೋಲರ್ ಮಾಡಿಕೊಟ್ಟ, 'ಮ್ಯಾಚ್‌ಬಾಕ್ಸ್' ಹುಟ್ಟಿತು. ಇದನ್ನು ರಾಯರು ಮದುವೆ ಊಟದ ಪಂಕ್ತಿಯಲ್ಲಿ ಎರಡನೇ ಸಲ ಸಾರು ಬರುವುದರೊಳಗೆ ಹೇಳಿ ಮುಗಿಸಬಲ್ಲರು. ಪಕ್ಕದವರು ಎದ್ದು ಹೋಗುವಂತಿಲ್ಲವಲ್ಲ.

ಆದರೆ ಇತ್ತೀಚೆಗೆ ಕಥೆಯ ಅರ್ಧದಲ್ಲೇ ರಾಯರ ಮುಖ ಕಪ್ಪಿಡುತ್ತದೆ. ಮಾತು ಲಿವರ್‌ಪೂಲ್ ಬಿಟ್ಟು ಕಸ್ಟಮ್ಸ್ ಕಡೆ ಹೊರಳುತ್ತದೆ.

ಇಂಗ್ಲೆಂಡಿನ ಹರಾಜು ಮುಗಿಯುವುದು ಅಲ್ಲಿಯವರು ಊಟ ಮುಗಿಸಿ ಕೂತ ಮೇಲೆ; ಅಂದರೆ ನಮ್ಮಲ್ಲಿ ನಡುರಾತ್ರಿ ಕಳೆದು ಒಂದೂವರೆಯೋ ಎರಡೂವರೆಯೋ. ರಾಯರು ಕತ್ತಲೆಯಲ್ಲಿ, ಫೋನಿನ ಬೆಳಕಿಗೆ ದುಪ್ಪಟಿ ಮುಚ್ಚಿಕೊಂಡು, ಕೊನೆಯ ಹತ್ತು ಸೆಕೆಂಡಿನಲ್ಲಿ ಬೆಲೆ ಏರಿಸಿ ಗೆಲ್ಲುತ್ತಾರೆ. ಪಾರ್ಸೆಲ್ ಸಮುದ್ರ ದಾಟಿ ಭಾರತಕ್ಕೆ ಬರುವವರೆಗೂ ಎಲ್ಲ ಸುಸೂತ್ರ. ಆಮೇಲೆ ಟ್ರ್ಯಾಕಿಂಗ್‌ನಲ್ಲಿ ಒಂದೇ ಸಾಲು ಬಂದು ಕೂರುತ್ತದೆ: ಕಸ್ಟಮ್ಸ್ ವಶದಲ್ಲಿದೆ. ಬೆಳಿಗ್ಗೆ ಕಾಫಿಗೆ ಮುಂಚೆ ನೋಡಿದರೂ ಅದೇ, ರಾತ್ರಿ ಮಜ್ಜಿಗೆ ಅನ್ನದ ನಂತರ ನೋಡಿದರೂ ಅದೇ.

ಇಲ್ಲಿ ಒಂದಿಷ್ಟು ಲೆಕ್ಕ ಅನಿವಾರ್ಯ. ಹೊರದೇಶದ ಆಟಿಕೆಗಳ ಮೇಲಿನ ಮೂಲ ಸುಂಕ 2020ರ ಬಜೆಟ್‌ವರೆಗೆ ಶೇ. 20 ಇತ್ತು. ಆ ಬಜೆಟ್‌ನಲ್ಲಿ ಒಂದೇ ನೆಗೆತಕ್ಕೆ 60 ಆಯಿತು. 2023ರಲ್ಲಿ 70. ಅದೂ ವಸ್ತುವಿನ ಬೆಲೆಯ ಮೇಲಷ್ಟೇ ಅಲ್ಲ. ಸಾಗಣೆ, ವಿಮೆಯ ಖರ್ಚೂ ಸೇರಿದ ಮೊತ್ತದ ಮೇಲೆ. ಹೀಗೆ ಬೆಲೆಗೆ ಸುಂಕ ಕೂಡಿಸಿ ಬಂದದ್ದರ ಮೇಲೆ ಆಗ ಶೇ. 12ರ ಜಿಎಸ್‌ಟಿ. ನೂರು ರೂಪಾಯಿಯ ಕಾರು ಮನೆ ಸೇರುವಾಗ 190 ರೂಪಾಯಿ 40 ಪೈಸೆ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಇಲ್ಲಿ ಹೆಚ್ಚುಕಡಿಮೆ ಮೂಗಿನಷ್ಟೇ ತೂಗುವ ಮೂಗುತಿ.

ಈ ಏರಿಕೆಯ ಗುರಿ ರಾಯರಲ್ಲ ಎಂಬುದನ್ನೂ ಹೇಳಬೇಕು. ಕಂಟೇನರುಗಟ್ಟಲೆ ಬಂದು ಬೀಳುತ್ತಿದ್ದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳನ್ನು ತಡೆಯಲು ಹಾಕಿದ ಬೇಲಿ ಅದು. 2019ರಲ್ಲಿ ಭಾರತೀಯ ಗುಣಮಟ್ಟ ಮಂಡಳಿ ಪರೀಕ್ಷೆ ಮಾಡಿಸಿದಾಗ ವಿದೇಶಿ ಆಟಿಕೆಗಳಲ್ಲಿ ಸುಮಾರು ಮೂರನೇ ಎರಡು ಭಾಗ ಸುರಕ್ಷತೆಯಲ್ಲಿ ನಪಾಸಾಗಿದ್ದವು. ಮಕ್ಕಳ ಬಾಯಿಗೆ ಸೀಸದ ಬಣ್ಣ ಹೋಗಬಾರದು ಎಂಬುದನ್ನು ಯಾರು ಒಪ್ಪುವುದಿಲ್ಲ? ಆದರೆ ಬೇಲಿಗೆ ಆನೆ, ಮೊಲ ಎಂಬ ಭೇದವಿಲ್ಲ. ಸಿಕ್ಕಿಬಿದ್ದದ್ದು ನಮ್ಮ ರಾಯರು.

ಸುಂಕವನ್ನಾದರೂ ಕಟ್ಟಬಹುದು. ರಾಯರನ್ನು ನಿಜವಾಗಿ ಹಣ್ಣುಮಾಡಿದ್ದು 2021ರ ಜನವರಿ 1ರಿಂದ ಜಾರಿಗೆ ಬಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ. ಅದರ ಪ್ರಕಾರ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. 1965ರಲ್ಲಿ ವೇಲ್ಸ್‌ನಲ್ಲಿ ತಯಾರಾದ ಕಾರ್ಗಿ ಕಂಪನಿಯ ಜೇಮ್ಸ್ ಬಾಂಡ್ ಆ್ಯಸ್ಟನ್ ಮಾರ್ಟಿನ್‌ನ ತಳ ತಿರುಗಿಸಿ ನೋಡಿದರೆ ಐಎಸ್‌ಐ ಗುರುತು ಎಲ್ಲಿಂದ ಬರಬೇಕು? ಗುಂಡಿ ಒತ್ತಿದರೆ ಪಕ್ಕದ ಸೀಟಿನ ಖಳನಾಯಕ ಛಾವಣಿ ಹಾರಿಸಿಕೊಂಡು ಹೊರಗೆ ಚಿಮ್ಮುವ ಕಾರು ಅದು. ಆ ಖಳನಾಯಕ ಮಗುವಿನ ಗಂಟಲಿಗೆ ಹೋದರೆ ಎಂದು ಅಧಿಕಾರಿ ಕೇಳಿದರೆ ಪ್ರಶ್ನೆ ತಪ್ಪೇನಲ್ಲ.

ಆದೇಶದಲ್ಲಿ ಒಂದು ಸಣ್ಣ ಕಿಂಡಿ ಇದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳು ಆಡಲೆಂದು ಮಾಡಿದ್ದೇ ಆಟಿಕೆ ಎನ್ನುತ್ತದೆ ಅದರ ವ್ಯಾಖ್ಯೆ. ರಾಯರು ಆ ಕಿಂಡಿಯಲ್ಲಿ ತಲೆ ತೂರಿಸಿದರು. ಬ್ಯಾಂಕಿನ ಕಾಲದ ಕನ್ನಡ ನೆನಪು ಮಾಡಿಕೊಂಡು ಪತ್ರ ಬರೆದರು: "ಮಾನ್ಯರೇ, ಸದರಿ ವಸ್ತುವು ಆಟಿಕೆಯಲ್ಲ. ಇದರೊಂದಿಗೆ ಯಾವ ಮಗುವೂ ಆಡಿಲ್ಲ, ಆಡುವುದಿಲ್ಲ, ಆಡಲು ಬಿಡುವುದೂ ಇಲ್ಲ." ಕೊನೆಯ ಮಾತು ಅಕ್ಷರಶಃ ನಿಜ, ಬೇಕಾದರೆ ಮೊಮ್ಮಗನನ್ನು ಸಾಕ್ಷಿ ಕರೆಯಬಹುದು. ಉತ್ತರವಾಗಿ ಬಂದದ್ದು ಡಬ್ಬಿಯದೊಂದು ಫೋಟೊ. ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ 'ಕಾರ್ಗಿ ಟಾಯ್ಸ್' ಎಂದು ಅಚ್ಚಾಗಿತ್ತು.

ಇಂಥ ಸಂಕಟ ರಾಯರೊಬ್ಬರಿಗೇ ಬಂದದ್ದಲ್ಲ. ಅಮೆರಿಕದಲ್ಲಿ ಒಂದು ಕಾಲಕ್ಕೆ ಗೊಂಬೆಗೆ ಶೇ. 12 ಸುಂಕ, ಆಟಿಕೆಗೆ ಶೇ. 6.8. ಮನುಷ್ಯನ ರೂಪವಾದರೆ ಗೊಂಬೆ, ಬೇರೆ ಏನಾದರೂ ಆದರೆ ಆಟಿಕೆ. ಟಾಯ್ ಬಿಜ್ ಕಂಪನಿ ಎಕ್ಸ್-ಮೆನ್ ಪಾತ್ರಗಳನ್ನು ಆಮದು ಮಾಡಿಕೊಂಡಾಗ ಸರ್ಕಾರ ಅವು ಗೊಂಬೆ ಎಂದಿತು. ಕಂಪನಿ ನ್ಯಾಯಾಲಯಕ್ಕೆ ಹೋಗಿ ಅಲ್ಲ, ಅವರು ಮನುಷ್ಯರೇ ಅಲ್ಲ ಎಂದಿತು. 2003ರಲ್ಲಿ ನ್ಯಾಯಾಧೀಶೆ ಜುಡಿತ್ ಬಾರ್ಜಿಲೇ ಉಗುರು, ರೆಕ್ಕೆಗಳನ್ನೆಲ್ಲ ಪರಿಶೀಲಿಸಿ ಕಂಪನಿಯ ಮಾತೇ ಸರಿ ಎಂದರು. ನಾವೂ ಮನುಷ್ಯರೇ ಎಂದು ಕಥೆಯುದ್ದಕ್ಕೂ ಗೋಗರೆಯುವ ಪಾತ್ರಗಳಿವು. ಅವನ್ನು ಸೃಷ್ಟಿಸಿದ ಮಾರ್ವೆಲ್‌ನ ಅಂಗಸಂಸ್ಥೆಯೇ ಸುಂಕ ಉಳಿಸುವ ಆಸೆಗೆ ಅವರ ಮನುಷ್ಯತ್ವವನ್ನು ಕೋರ್ಟಿನಲ್ಲಿ ಬಿಟ್ಟುಕೊಟ್ಟಿತು. ಅಭಿಮಾನಿಗಳು ಕಂಗಾಲಾದರು. ರಾಯರು ಮಾತ್ರ ಈ ತೀರ್ಪನ್ನು ಅಚ್ಚು ಹಾಕಿಸಿ ಕಡತದಲ್ಲಿ ಇಟ್ಟುಕೊಂಡಿದ್ದಾರೆ.

ಕೆಲವು ಮಿತ್ರರು ಸುಲಭದ ದಾರಿ ತೋರಿಸಿದರು. ಉಡುಗೊರೆ ಎಂದು ಬರೆಸಿ ಕಳಿಸೋಕೆ ಹೇಳಿ, ಯಾರು ಕೇಳ್ತಾರೆ? ಆ ದಾರಿಗೂ ಬೀಗ ಬಿದ್ದಿದೆ. 2019ರ ಡಿಸೆಂಬರ್‌ನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಅಂಚೆ, ಕೊರಿಯರ್ ಮೂಲಕ ಉಡುಗೊರೆಯ ಹೆಸರಿನಲ್ಲಿ ಸುಂಕವಿಲ್ಲದೆ ಬರುವ ಆಮದನ್ನೇ ನಿಷೇಧಿಸಿತು. ವಿನಾಯಿತಿ ಎರಡಕ್ಕೆ ಮಾತ್ರ: ಜೀವರಕ್ಷಕ ಔಷಧಿ ಮತ್ತು ರಾಖಿ. ರಾಖಿಯ ಜೊತೆ ಬರುವ ಉಡುಗೊರೆಗೆ ವಿನಾಯಿತಿ ಇಲ್ಲ ಎಂಬ ಸ್ಪಷ್ಟನೆಯೂ ಅದರಲ್ಲೇ ಇದೆ. ಅದನ್ನು ಬರೆದ ಅಧಿಕಾರಿಗೆ ಅಣ್ಣ ತಂಗಿಯರ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಲಂಡನ್ನಿನ ವ್ಯಾಪಾರಿ ಡಿಂಕಿ ಬಸ್ಸಿಗೆ ದಾರ ಕಟ್ಟಿ ರಾಖಿ ಎಂದು ಕಳಿಸಿದರೆ ಹೇಗೆ ಎಂದು ರಾಯರು ಒಂದು ರಾತ್ರಿ ಯೋಚಿಸಿದ್ದುಂಟು.

ಮನೆಯ ವಿಚಾರಕ್ಕೆ ಬರೋಣ. ರಾಯರ ಶ್ರೀಮತಿಯವರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು. ಗಂಡನ ಹವ್ಯಾಸಕ್ಕೆ ಎಂದೂ ಅಡ್ಡಿ ಮಾಡಿದವರಲ್ಲ. ಬಂದ ಕಾರಿನ ಬೆಲೆ ಎಷ್ಟು ಎಂದು ಕೇಳುತ್ತಿದ್ದರು, ರಾಯರು ಹೇಳುತ್ತಿದ್ದರು, ಅಷ್ಟಕ್ಕೇ ಮುಗಿಯುತ್ತಿತ್ತು. "ಬರೀ ಆಟಿಕೆ ಕಣೇ, ಎಷ್ಟು ಮಹಾ, ಏಳುನೂರು ರೂಪಾಯಿ." ಕಸ್ಟಮ್ಸ್‌ನವರಿಗೆ ಆಟಿಕೆಯಲ್ಲ ಎಂದು ಪತ್ರ ಬರೆಯುವ ಅದೇ ರಾಯರು ಅಡುಗೆಮನೆಯ ಬಾಗಿಲಲ್ಲಿ ನಿಂತು ಬರೀ ಆಟಿಕೆ ಎನ್ನುತ್ತಾರೆ. ಸಾಫ್ಟ್‌ವೇರ್ ಮಗನಿಗೆ ಫೋನ್ ಮಾಡಿದಾಗ ಅದು ಹೂಡಿಕೆ. ಮೊಮ್ಮಗ ಬೀರುವಿನ ಕಡೆ ಕೈ ಚಾಚಿದರೆ ಮತ್ತೆ "ಮುಟ್ಟಬೇಡ ಪುಟ್ಟ, ಆಟದ ಸಾಮಾನಲ್ಲ."

ಒಂದು ಮಧ್ಯಾಹ್ನ ರಾಯರು ಔಷಧಿ ತರಲು ಹೋಗಿದ್ದಾಗ ಅಂಚೆಯಣ್ಣ ಬಂದ. ಪಾರ್ಸೆಲ್ ಕೊಡುವ ಮೊದಲು ಸುಂಕದ ದುಡ್ಡು ಕೇಳಿದ. ರಾಯರು ಮರಳಿ ಬರುವ ಹೊತ್ತಿಗೆ ಶ್ರೀಮತಿಯವರು ಚೀಟಿಯನ್ನು ಮೇಜಿನ ಮೇಲೆ ಹರವಿಕೊಂಡು ಕೂತಿದ್ದರು.

"ರೀ, ಈ ಕಾರು ಏಳುನೂರು ಅಂದಿದ್ರಲ್ಲ?"

"ಹೂಂ, ಅಷ್ಟೇ. ಸ್ವಲ್ಪ ಹೆಚ್ಚುಕಮ್ಮಿ."

"ಅಂಚೆಯವನಿಗೆ ನಾಲ್ಕು ಸಾವಿರದ ಐನೂರ ಇಪ್ಪತ್ತು ಕೊಟ್ಟೆ. ನೂರಕ್ಕೆ ತೊಂಬತ್ತು ಪಾಯಿಂಟ್ ನಾಲ್ಕರ ಲೆಕ್ಕದಲ್ಲಿ ಹಿಂದಕ್ಕೆ ಹೋದರೆ ಐದು ಸಾವಿರ ಬರುತ್ತೆ. ಏಳುನೂರು ಹೇಗೆ ತಿರುಗಿಸಿದರೂ ಬರೋದಿಲ್ಲ."

ಸುಂಕದ ಬಗ್ಗೆ ರಾಯರ ನಿಜವಾದ ದೂರು ಇದೇ ಎಂದು ಆಪ್ತರ ಅಂಬೋಣ. ದುಡ್ಡು ಹೋಗಲಿ, ಬರುತ್ತದೆ. ಆದರೆ ಗಂಡ ಹೆಂಡಿರ ನಡುವೆ ದಶಕಗಳಿಂದ ನಡೆದುಬಂದ ಒಂದು ಸೌಹಾರ್ದದ ಬೆಲೆಪಟ್ಟಿಯನ್ನು ಸರ್ಕಾರ ಚೀಟಿ ಅಂಟಿಸಿ ಬಯಲು ಮಾಡಬಹುದೇ? 2025ರ ಸೆಪ್ಟೆಂಬರ್ 22ರಿಂದ ಆಟಿಕೆಗಳ ಜಿಎಸ್‌ಟಿ 12ರಿಂದ 5ಕ್ಕೆ ಇಳಿದ ಸುದ್ದಿ ಬಂದಾಗ ರಾಯರು ಹಿಗ್ಗಿದರು. ಶ್ರೀಮತಿಯವರು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದ 90.4 ಅನ್ನು ಹೊಡೆದು 78.5 ಎಂದು ತಿದ್ದಿಕೊಂಡರು.

ಸ್ವಂತ ಬಳಕೆಗೆ ತರಿಸುವ ಸಾಮಾನಿಗೆ ಸುಂಕದ ಪಟ್ಟಿಯಲ್ಲಿ 9804 ಎಂಬ ಪ್ರತ್ಯೇಕ ಶೀರ್ಷಿಕೆ ಇದೆ. 2026ರ ಬಜೆಟ್ ಅದರ ದರವನ್ನು 20ರಿಂದ 10ಕ್ಕೆ ಇಳಿಸಿತು. ಆಟಿಕೆಗಳ ಶೀರ್ಷಿಕೆ 9503. ತಮ್ಮ ಪಾರ್ಸೆಲ್ಲನ್ನು ಯಾವುದರಡಿ ನೋಡುತ್ತಾರೆ ಎಂಬುದರ ಮೇಲೆ ರಾಯರ ರಕ್ತದೊತ್ತಡ ನಿಂತಿದೆ. ಈ ಎರಡು ಸಂಖ್ಯೆಗಳನ್ನು ಅವರು ನಿದ್ದೆಯಲ್ಲೂ ಕನವರಿಸುತ್ತಾರೆ. ತಮ್ಮದೇ ಸ್ಕೂಟರಿನ ನಂಬರು ಕೇಳಿದರೆ ಹೊರಗೆ ಹೋಗಿ ನೋಡಿ ಬರಬೇಕು.

ಇನ್ನುಳಿದದ್ದು ನೆಂಟರ ಸೂಟ್‌ಕೇಸು. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಾನೆ. ಮೊದಲೆಲ್ಲ ಮಾವ ಏನು ತರಲಿ ಎಂದು ಅವನೇ ಕೇಳುತ್ತಿದ್ದ. ಈಗ ಬರುವ ದಿನಾಂಕವನ್ನೇ ಮುಚ್ಚಿಡುತ್ತಾನೆ. ಕಳೆದ ಸಲ ಬಂದಾಗ ಅವನ ಮಕ್ಕಳ ಬಟ್ಟೆಗಿಂತ ಮಾವನ ಮ್ಯಾಚ್‌ಬಾಕ್ಸ್ ಲಾರಿಗಳ ತೂಕ ಹೆಚ್ಚಾಗಿ, ವಿಮಾನ ನಿಲ್ದಾಣದಲ್ಲಿ ಡೈಪರ್ ಪೊಟ್ಟಣ ತೆಗೆದುಹಾಕಬೇಕಾಯಿತು. ಅವನ ಹೆಂಡತಿ ಇನ್ನೂ ಮಾತು ಬಿಟ್ಟಿದ್ದಾಳೆ.

2025ರ ಆಗಸ್ಟ್‌ನಲ್ಲಿ ಮಾತ್ರ ರಾಯರಿಗೆ ಒಂದು ಸಂತೋಷದ ಸಂಜೆ ಒದಗಿತು. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗೆ ಅಮೆರಿಕ ಕೊಡುತ್ತಿದ್ದ ಸುಂಕ ವಿನಾಯಿತಿ ಆ ತಿಂಗಳ 29ಕ್ಕೆ ಕೊನೆಗೊಂಡಿತು. ಅದಕ್ಕೂ ಮುಂಚೆಯೇ ಗೊಂದಲದಲ್ಲಿ ಭಾರತೀಯ ಅಂಚೆ ಅಲ್ಲಿಗೆ ಹೋಗುವ ಹೆಚ್ಚಿನ ಪಾರ್ಸೆಲ್‌ಗಳನ್ನು ನಿಲ್ಲಿಸಿತು. ನಮ್ಮ ಫನ್‌ಸ್ಕೂಲ್ ಕಂಪನಿ ಹಿಂದೆ ಇಲ್ಲಿ ತಯಾರಿಸಿದ ಜಿ.ಐ. ಜೋ ಸಿಪಾಯಿಗಳಿಗೆ ಅಮೆರಿಕದ ಸಂಗ್ರಾಹಕರಲ್ಲಿ ಭಾರಿ ಬೇಡಿಕೆ. ಅಲ್ಲಿ ಎಲ್ಲೂ ಇರದ ವಿಚಿತ್ರ ಬಣ್ಣಗಳಲ್ಲಿ ಅವು ಬರುತ್ತಿದ್ದವು. ಅವರೂ ಈಗ ಟ್ರ್ಯಾಕಿಂಗ್ ನೋಡುತ್ತ ಉಗುರು ಕಚ್ಚುತ್ತಿದ್ದಾರೆ ಎಂದು ಅಕ್ಕನ ಮಗ ಹೇಳಿದಾಗ ರಾಯರು ಮರುಗಿದರು. ಆಮೇಲೆ ಎರಡು ಮೈಸೂರುಪಾಕು ತಿಂದರು.

ಅವರ ಬೀರುವಿನ ಅತಿ ದುಬಾರಿ ದುಃಖ ಒಂದು ಜಾಗ್ವಾರ್. ಡಿಂಕಿ ಕಂಪನಿ 1960ರ ದಶಕದ ಕೊನೆಯಲ್ಲಿ ತನ್ನ ಕೆಲವು ಹಳೆಯ ಅಚ್ಚುಗಳನ್ನು ಭಾರತಕ್ಕೆ ಮಾರಿತು. ಕಲ್ಕತ್ತೆಯಲ್ಲಿ ಅದೇ ಅಚ್ಚುಗಳಿಂದ 'ನಿಕಿ ಟಾಯ್ಸ್' ಹೊರಬಂದವು. ಡಿಂಕಿಯಷ್ಟು ನಯವಿಲ್ಲ, ಬಣ್ಣ ಒರಟು, ಕೆಲವದರ ತಳದಲ್ಲಿ ಹಳೆಯ ಹೆಸರನ್ನು ಕೆರೆದ ಗುರುತು. ಆಗ ಇಲ್ಲಿ ಯಾರೂ ಜೋಪಾನ ಮಾಡಲಿಲ್ಲ. ಮಕ್ಕಳು ಮಣ್ಣಿನಲ್ಲಿ ಓಡಿಸಿ ಮುಗಿಸಿದರು. ಚೆನ್ನಾಗಿ ಉಳಿದವು ಇಂಗ್ಲೆಂಡಿನ ಸಂಗ್ರಾಹಕರ ಬಳಿ ಇದ್ದವು. ರಾಯರು ಒಂದನ್ನು ಅಲ್ಲಿಂದ ತರಿಸಿದರು. ಕಲ್ಕತ್ತೆಯ ಜಾಗ್ವಾರ್ ವಿದೇಶಿ ಆಟಿಕೆಯಾಗಿ ಸುಂಕ ಕಟ್ಟಿ ಸ್ವದೇಶಕ್ಕೆ ಬಂತು. ಡಬ್ಬಿಯ ಮೇಲೆ ಭಾರತದಲ್ಲಿ ತಯಾರಾದದ್ದು ಎಂಬ ಅಚ್ಚನ್ನು ರಾಯರು ಬೆರಳಿಟ್ಟು ತೋರಿಸುತ್ತಾರೆ. ನೋಡಿದವರು ನಕ್ಕರೆ ಸಿಟ್ಟಾಗುತ್ತಾರೆ, ನಗದಿದ್ದರೆ ಇನ್ನೂ ಸಿಟ್ಟಾಗುತ್ತಾರೆ.

ಈಚೆಗೆ ಅವರಿಗೆ ಹೊಸ ಆಸೆಯೊಂದು ಚಿಗುರಿದೆ. ನೂರು ವರ್ಷ ದಾಟಿದ ವಸ್ತು ಪ್ರಾಚ್ಯವಸ್ತುವಾಗಿ 9706 ಎಂಬ ಬೇರೆ ಶೀರ್ಷಿಕೆಯಡಿ ಬರುತ್ತದೆ. ಡಿಂಕಿಯ ಮೊದಲ ಕಾರುಗಳಿಗೆ ನೂರು ತುಂಬುವುದು 2034ರಲ್ಲಿ. ಅಲ್ಲಿಯವರೆಗೆ ಕಾಯ್ದರೆ 'ಇದು ಆಟಿಕೆಯಲ್ಲ' ಎಂದು ಪತ್ರ ಬರೆಯುವ ಗೋಳೇ ಇಲ್ಲ. ಅಪಾಯ ಒಂದೇ: ಎರಡನೇ ಮಹಾಯುದ್ಧಕ್ಕೆ ಮುಂಚಿನ ಡಿಂಕಿಗಳ ಸತುವಿನ ಮಿಶ್ರಲೋಹದಲ್ಲಿ ಸೀಸದ ಕಲಬೆರಕೆ ಇದ್ದುದರಿಂದ ಎಷ್ಟೋ ಕಾರುಗಳು ಒಳಗಿಂದೊಳಗೇ ಬಿರುಕುಬಿಟ್ಟು ಪುಡಿಯಾಗುತ್ತಿವೆ. 2034ಕ್ಕೆ ಅವು ಇರುತ್ತವೋ ಇಲ್ಲವೋ.

ಈ ಯೋಜನೆಯನ್ನು ರಾಯರು ಊಟದ ಹೊತ್ತಿನಲ್ಲಿ ವಿವರಿಸಿದರು. ಶ್ರೀಮತಿಯವರು ಹುಳಿ ಬಡಿಸುತ್ತ ಪೂರ್ತಿ ಕೇಳಿಸಿಕೊಂಡರು.

"ಕಾಯೋದೇ ಆದರೆ ಇವತ್ತು ರಾತ್ರಿ ಎರಡೂವರೆಗೆ ಅಲಾರಂ ಯಾಕೆ ಇಟ್ಟಿದ್ದೀರಿ?"

"ಅದು ಖಾಲಿ ಡಬ್ಬಿ ಕಣೇ. ಒಳಗೆ ಕಾರೇ ಇಲ್ಲ. ಖಾಲಿ ಡಬ್ಬಿಗೆ ಏನು ಸುಂಕ?"

"ಬರಲಿ, ಚೀಟಿ ನೋಡಿ ಹೇಳ್ತೀನಿ," ಎಂದು ಅವರು ತುಪ್ಪ ತರಲು ಒಳಗೆ ಹೋದರು.