ಡಕ್ಟ್‌ಬಿಂದು ಮೀಮಾಂಸೆ

ಮಂಗಲ ಕಾರ್ಯಾಲಯದ ಹಳೆಯ ತಗಡಿನ ಡಕ್ಟಿಗೆ ಹೊಸ ಏಸಿ ಜೋಡಿಸಿದ ಮೇಲೆ, ಡಕ್ಟಿನ ಹೊಟ್ಟೆಯಡಿ ಹುಟ್ಟಿ ಬೀಗರ ಮೇಲೆ ಬೀಳುವ ನೀರನ್ನು ಡಕ್ಟ್‌ಬಿಂದು ಎನ್ನಲಾಗುತ್ತದೆ. ಅದು ಮಳೆಯಲ್ಲ, ಮೇಲೆ ಮೋಡವಿಲ್ಲ; ಸೋರಿಕೆಯಲ್ಲ, ಮೇಲೆ ಟಾಕಿಯಿಲ್ಲ; ತೀರ್ಥವೂ ಅಲ್ಲ, ಯಾರೂ ಕೈಯೊಡ್ಡುವುದಿಲ್ಲ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಈ ಶಾಸ್ತ್ರಕ್ಕೆ ಹೇಳಿ ಮಾಡಿಸಿದ ಕ್ಷೇತ್ರ. ಘಟ್ಟಕ್ಕೆ ಹತ್ತಿರದ ನಿಪ್ಪಾಣಿ ಕಡೆ ಮಳೆ ಹೆಚ್ಚು, ಪೂರ್ವಕ್ಕೆ ಅಥಣಿಯತ್ತ ಸರಿದಂತೆ ನೆಲ ಒಣಗುತ್ತದೆ. ನಡುವೆ ದೂಧಗಂಗಾ, ಕೃಷ್ಣೆ, ದಂಡೆಗುಂಟ ನೀರು ಕುಡಿದು ನಿಂತ ಕಬ್ಬು. ಒಂದೇ ಕಂಪನಿಯ ಒಂದೇ ಏಸಿ ಎರಡು ಊರಲ್ಲಿ ಎರಡು ಬಗೆಯಾಗಿ ನಡೆದುಕೊಳ್ಳಲು ಇಷ್ಟು ಸಾಕು.

ಪೂರ್ವಪಕ್ಷದಲ್ಲಿ ಮೂರು ಪಂಥಗಳಿವೆ. ಚಾವಣಿವಾದಿಗಳು ದೋಷವನ್ನು ಸ್ಲ್ಯಾಬಿಗೆ ಹಚ್ಚಿ, ಮೇಲೇರಿ ಡಾಂಬರು ಬಳಿಸುತ್ತಾರೆ. ವಾರಗಟ್ಟಲೆ ಮಳೆಯಿಲ್ಲದಾಗಲೂ ಹನಿ ಬೀಳುವುದರಿಂದ, ಏಸಿ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಅದೂ ನಿಲ್ಲುವುದರಿಂದ ಈ ವಾದ ಬಿದ್ದುಹೋಗುತ್ತದೆ. ಡಾಂಬರಿನ ಖರ್ಚು ಮಾತ್ರ ಉಳಿಯುತ್ತದೆ. ಅನಿಲವಾದಿಗಳ ಪ್ರಕಾರ ಏಸಿಯ ಗ್ಯಾಸೇ ನೀರಾಗಿ ಇಳಿಯುತ್ತಿದೆ. ಈಗಿನ ಹಲವು ಏಸಿಗಳಲ್ಲಿರುವ ಆರ್-32 ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ 50 ಡಿಗ್ರಿ ಕೆಳಗೇ ಕುದಿದು ಹಾರಿಹೋಗುವಂಥದ್ದು. ಹನಿಯಾಗಿ ನಿಂತು ಮದುಮಗನ ಪಟಗಾದ ಮೇಲೆ ಬೀಳುವಷ್ಟು ತಾಳ್ಮೆ ಅದಕ್ಕಿಲ್ಲ. ಮೂರನೆಯವರು ಕಂಪನಿವಾದಿಗಳು. ‘ಯಂತ್ರಾನ ಖೊಟ್ಟಿ ಐತಿ, ವಾಪಸ್ ಕಳಸ್ರಿ’ ಎಂಬ ಇವರ ಸೂತ್ರಕ್ಕೆ ಅನುಯಾಯಿಗಳು ಅತಿ ಹೆಚ್ಚು. ಹೇಳಲು ಕಾಸೂ ಖರ್ಚಿಲ್ಲವೆಂಬುದನ್ನು ಬಿಟ್ಟರೆ ಈ ಜನಪ್ರಿಯತೆಗೆ ಬೇರೆ ಕಾರಣ ಸಿಗುವುದಿಲ್ಲ.

ಸಿದ್ಧಾಂತಕ್ಕೆ ಬರಬೇಕಾದರೆ ಏಸಿಯ ಜನ್ಮವೃತ್ತಾಂತ ತಿಳಿದಿರಬೇಕು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಹೊಂದದೆ ಹೋದವು. ಆ ತೇವ ಹಿಂಡಲು ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ಹೂಡಿದ ಏರ್ಪಾಡೇ ಇಂದಿನ ಏಸಿಯ ಮೂಲಪುರುಷ. ಅಂದರೆ ಗಾಳಿಯಿಂದ ನೀರು ತೆಗೆಯುವುದೇ ಇದರ ಕುಲಕಸುಬು. ತೆಗೆದ ನೀರು ಯಂತ್ರದೊಳಗಿನ ತಟ್ಟೆಗೆ ಬಿದ್ದು ಪೈಪಿನಲ್ಲಿ ಹರಿದುಹೋದರೆ ಯಾರೂ ವಿಚಾರಿಸುವುದಿಲ್ಲ. ಡಕ್ಟಿನ ಹೊರಮೈ ಮೇಲೆ ಕಾಣಿಸಿಕೊಂಡರೆ ಮೀಮಾಂಸೆ ಹುಟ್ಟುತ್ತದೆ.

ಪ್ರತಿಯೊಂದು ಗಾಳಿಗೂ ಒಂದು ಇಬ್ಬನಿ ಬಿಂದು ಇರುತ್ತದೆ. ಅದಕ್ಕಿಂತ ತಣ್ಣಗಿನ ವಸ್ತು ತಾಗಿದರೆ ಗಾಳಿಯಲ್ಲಿದ್ದ ಆವಿ ಅಲ್ಲೇ ನೀರಾಗುತ್ತದೆ. 38 ಡಿಗ್ರಿ ಬಿಸಿಲು, ಶೇ 20 ತೇವ ಇರುವ ಅಥಣಿಯ ಏಪ್ರಿಲ್ ಮಧ್ಯಾಹ್ನಕ್ಕೆ ಈ ಬಿಂದು ಸುಮಾರು 11 ಡಿಗ್ರಿ. 26 ಡಿಗ್ರಿ, ಶೇ 85 ತೇವದ ನಿಪ್ಪಾಣಿಯ ಶ್ರಾವಣದ ದಿನಕ್ಕೆ 23 ಡಿಗ್ರಿ. ಏಸಿ ಡಕ್ಟಿನೊಳಗೆ ಊದುವ ಗಾಳಿ 13 ಡಿಗ್ರಿಯ ಆಸುಪಾಸು. ಮೊದಲನೆಯ ಕಡೆ ತಗಡು ಒಣಗಿರುತ್ತದೆ, ಎರಡನೆಯ ಕಡೆ ಜಲಪಾತಕ್ಕೆ ಸಿದ್ಧವಾಗುತ್ತದೆ.

ಹಳೆಯ ಡಕ್ಟು ಇಷ್ಟು ವರ್ಷ ಬೆವರದೆ ಇದ್ದುದು ಅದರ ಸದ್ಗುಣದಿಂದಲ್ಲ. ಅದಕ್ಕೆ ಹಿಂದೆ ಜೋಡಿಯಾಗಿದ್ದುದು ನೀರಿನ ಏರ್ ಕೂಲರ್. ನೀರು ಆರಿಸಿ ತಂಪು ಮಾಡುವ ಕೂಲರ್ ಎಷ್ಟೇ ಹೆಣಗಿದರೂ ಹೊರಗಾಳಿಯ ಇಬ್ಬನಿ ಬಿಂದುವಿಗಿಂತ ಕೆಳಗೆ ಇಳಿಯಲಾರದು. ಆದ್ದರಿಂದ ಬರಿಮೈ ತಗಡು ಸಾಕಿತ್ತು, ಹೊದಿಕೆ ಬೇಕಿರಲಿಲ್ಲ. ಈಗ ಯಂತ್ರ ಬದಲಾಯಿತು, ತಗಡು ಹಾಗೇ ಉಳಿಯಿತು. ಸಾವಿರ ಜೋಡಿಗಳಿಗೆ ಅಕ್ಕಿಕಾಳು ಬಿದ್ದ ಕಾರ್ಯಾಲಯದಲ್ಲೇ ಈ ಒಂದು ಜೋಡಿಗೆ ಮಾತ್ರ ಯಾರೂ ಸಾಲಾವಳಿ ನೋಡಲಿಲ್ಲ. ವರನೂ ಒಳ್ಳೆಯವನೇ, ವಧುವೂ ಒಳ್ಳೆಯವಳೇ, ದೋಷವಿರುವುದು ಗಂಟಿನಲ್ಲಿ.

ಹೊಂದಾಣಿಕೆಯ ತೊಡಕು ಇನ್ನೂ ಆಳಕ್ಕಿದೆ. ಕೂಲರಿಗೆ ಬಾಗಿಲು ಕಿಟಕಿ ತೆರೆದಿರಬೇಕು, ಇಲ್ಲವಾದರೆ ಒಳಗೆ ಉಗಿ ಕಟ್ಟುತ್ತದೆ. ಏಸಿಗೆ ಅವೆಲ್ಲ ಮುಚ್ಚಿರಬೇಕು. ಹತ್ತಾರು ವರ್ಷ ಬಾಗಿಲು ತೆರೆದಿಟ್ಟು ರೂಢಿಯಾದ ಕಾರ್ಯಾಲಯ ಏಸಿ ಬಂದ ಮೇಲೂ ತೆರೆದೇ ಇರುತ್ತದೆ. ಕೃಷ್ಣೆಯ ದಂಡೆಯ ಗಾಳಿ ಆಮಂತ್ರಣವಿಲ್ಲದೆ ಒಳಬರುತ್ತದೆ. ಬಾಗಿಲು ಮುಚ್ಚಿದರೂ ಪಾರಾಗುವಂತಿಲ್ಲ. ಸುಮ್ಮನೆ ಕುಳಿತ ಮನುಷ್ಯ ಉಸಿರು ಬೆವರಿನಲ್ಲಿ ತಾಸಿಗೆ ಸುಮಾರು 50 ಗ್ರಾಂ ನೀರು ಬಿಡುತ್ತಾನೆ; ಸಾವಿರ ಬೀಗರು ಕೂತರೆ ತಾಸಿಗೆ 50 ಲೀಟರ್. ಗೋದಿ ಹುಗ್ಗಿ, ಅನ್ನ, ಸಾರಿನ ಹಬೆ ಬೇರೆ. ತಮ್ಮ ಮೇಲೆ ಬಿದ್ದ ಹನಿಯ ಬಗ್ಗೆ ತಕರಾರು ತೆಗೆಯುವ ಬೀಗರು ಅದರಲ್ಲಿ ತಮ್ಮ ಪಾಲೂ ಇದೆಯೆಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹನಿ ಎಲ್ಲಿ ಬೀಳುತ್ತದೆಂಬುದು ಸ್ಥಾನಪ್ರಕರಣ. ನೀರು ತಗಡಿನ ತಳದಗುಂಟ ಹರಿದು, ಡಕ್ಟು ಜೋತುಬಿದ್ದಲ್ಲಿ, ಜೋಡಣೆ ಸಡಿಲಾಗಿ ತಣ್ಣನೆ ಗಾಳಿ ಸೋರುವಲ್ಲಿ, ತೂಗುಹಾಕಿದ ಪಟ್ಟಿ ತಾಗುವಲ್ಲಿ ಕೂಡಿಕೊಳ್ಳುತ್ತದೆ. ಕೆಳಗೆ ಯಾರು ಕೂತಿದ್ದಾರೆ, ವರನ ಕಡೆಯವರೋ ವಧುವಿನ ಕಡೆಯವರೋ ಎಂದು ಅದು ನೋಡುವುದಿಲ್ಲ. ಕೆಳಗಿನವರು ನೋಡುತ್ತಾರೆ. ಈ ಸೀಮೆಯ ಹಿರಿಯರ ಗಾಂಧಿ ಟೋಪಿ ಮೊದಲ ಹತ್ತಾರು ಹನಿಗಳನ್ನು ಸದ್ದಿಲ್ಲದೆ ಹೀರಿಕೊಳ್ಳುವುದರಿಂದ ಟೋಪಿಯ ಸಾಲಿನಿಂದ ದೂರು ತಡವಾಗಿ ಬರುತ್ತದೆ; ಬೋಳುತಲೆಯ ಸಾಲಿನಿಂದ ತಕ್ಷಣ. ಹನಿಗೆ ಕೆಂಗಂದು ಬಣ್ಣವಿದ್ದರೆ ಅದು ತಗಡಿನ ತುಕ್ಕು. ಸವಳು ನೀರು ಕುಡಿದ ಕೂಲರ್ ಡಕ್ಟಿನೊಳಗೆ ಬಿಟ್ಟುಹೋದ ಉಪ್ಪು ತುಕ್ಕಿಗೆ ಒಳ್ಳೆಯ ಗೊಬ್ಬರ. ಬಿಳಿ ರೇಷ್ಮೆ ಶರ್ಟಿನ ಮೇಲೆ ಬಿದ್ದ ಇಂಥ ಹನಿಗೆ ಪರಿಹಾರ ಈ ಶಾಸ್ತ್ರದಲ್ಲಿಲ್ಲ, ಧೋಬಿಯ ಶಾಸ್ತ್ರದಲ್ಲಿ ಹುಡುಕಬೇಕು.

ಚಿಕಿತ್ಸೆಯಲ್ಲಿ ಲೌಕಿಕ, ಶಾಸ್ತ್ರೀಯ ಎಂದು ಎರಡು ಬಗೆ. ಬಕೆಟ್ ಇಡುವುದು, ಗೋಣಿಚೀಲ ಕಟ್ಟುವುದು, ಥರ್ಮಾಕೋಲ್ ಅಂಟಿಸುವುದು, ಅಕ್ಕಿಕಾಳು ಬೀಳುವ ಹೊತ್ತಿಗೆ ಏಸಿ ಆರಿಸುವುದು ಲೌಕಿಕ. ಬರಿಯ ಗಾಜಿನ ಉಣ್ಣೆ ಸುತ್ತುವುದು ಇವೆಲ್ಲಕ್ಕಿಂತ ಅಪಾಯಕಾರಿ: ಹೊರಗೆ ಆವಿತಡೆಯ ಪದರವಿಲ್ಲದಿದ್ದರೆ ಅದು ನೀರನ್ನು ದಿನಗಟ್ಟಲೆ ಬಚ್ಚಿಟ್ಟುಕೊಂಡು ಒಂದೇ ಮುಹೂರ್ತದಲ್ಲಿ ಸುರಿಯುತ್ತದೆ. ಶಾಸ್ತ್ರೀಯ ವಿಧಿಯಲ್ಲಿ ತುಕ್ಕು ಉಜ್ಜಿ, ಕೀಲುಗಳನ್ನು ಸೀಲ್ ಮಾಡಿ, ತಗಡನ್ನು ಪೂರ್ತಿ ಒಣಗಿಸಿ, ನೈಟ್ರೈಲ್ ರಬ್ಬರ್ ಹಾಳೆಯನ್ನು ಬಿರುಕಿಲ್ಲದಂತೆ ಅಂಟಿಸಬೇಕು, ತೂಗುಪಟ್ಟಿಗಳನ್ನೂ ಬಿಡಬಾರದು. ತಗಡು ತೂತುಬಿದ್ದಿದ್ದರೆ ಗುಜರಿಗೆ ಹಾಕುವುದೇ ಶಾಸ್ತ್ರಸಮ್ಮತ.

ಇನ್ನುಳಿದದ್ದು ಕಾಲನಿರ್ಣಯ. ಅಂಟು ಹಿಡಿಯಲು ತಗಡು ಒಣಗಿರಬೇಕು, ಕೆಲಸಕ್ಕೆ ಕಾರ್ಯಾಲಯ ಖಾಲಿ ಇರಬೇಕು. ಆಷಾಢದಲ್ಲಿ ಮದುವೆಗಳಿಲ್ಲ, ಆದರೆ ಗೋಡೆಯೇ ಬೆವರುತ್ತಿರುತ್ತದೆ. ವೈಶಾಖದಲ್ಲಿ ತಗಡು ಒಣಗಿರುತ್ತದೆ, ಆದರೆ ಒಂದು ದಿನವೂ ಬಿಡುವಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲಿ ಮಾತ್ರ ಎರಡೂ ಕೂಡಿಬರುತ್ತವೆ. ಆ ತಿಂಗಳು ಏಸಿ ನಡೆಯುವುದಿಲ್ಲ, ಹನಿಯೂ ಬೀಳುವುದಿಲ್ಲ. ಹನಿಯೇ ಇಲ್ಲದ ಡಕ್ಟಿಗೆ ರೊಕ್ಕ ಯಾಕೆ ಹಾಕಬೇಕೆಂದು ಮಾಲೀಕರು ಕೇಳುತ್ತಾರೆ.